ಚಳಿಗೆ ಮೀನಿನ ಮೈಯೆಲ್ಲಾ ಹುಣ್ಣು, ಲಸಿಕೆ ಹಾಕಿಸಬಹುದಾ?

ಆಲೂರು ರೈತ:
ಆಲೂರು ಹತ್ತಿರ ಅರ್ಧ ಎಕರೆ ಹೊಂಡ ಇದೆ. ಕಾಟ್ಲಾ, ರೋಹು, ಮೃಗಾಲ್ ಬಿಟ್ಟಿದ್ದೇವೆ. ಚಳಿ ಶುರುವಾದ ಮೇಲೆ ಮೃಗಾಲ್ ಮೈ ಮೇಲೆ ಕೆಂಪು ಚುಕ್ಕೆ ಬಂತು, ಈಗ ಆಳವಾದ ಹುಣ್ಣಾಗಿದೆ, ದಿನಾ ಒಂದೆರಡು ಸತ್ತು ತೇಲುತ್ತಿವೆ. ಅಂಗಡಿಯವರು ಆಂಟಿಬಯೋಟಿಕ್ ಪುಡಿ ನೀರಿಗೆ ಹಾಕಿ ಅನ್ನುತ್ತಾರೆ. ಹಸುಗಳಿಗೆ ಕಾಲುಬಾಯಿ ಜ್ವರಕ್ಕೆ ಹಾಕಿಸುವ ಹಾಗೆ ಮೀನಿಗೂ ಲಸಿಕೆ ಇದೆಯಂತಲ್ಲ, ಈಗ ಹಾಕಿಸಿದರೆ ಉಳಿದವು ಬದುಕುತ್ತವಾ?

ಮಲೆನಾಡ ಮತ್ಸ್ಯ:
ನೀವು ಹೇಳುವ ಲಕ್ಷಣ ನೋಡಿದರೆ ಇಯುಎಸ್ ಅನ್ನುವ ಹುಣ್ಣುರೋಗ ಇರಬಹುದು. ಅಫನೋಮೈಸಿಸ್ ಅನ್ನೋ ಬೂಸ್ಟಿನಂಥ ಜೀವಿಯಿಂದ ಬರುತ್ತದೆ, ಬ್ಯಾಕ್ಟೀರಿಯಾ ಆಮೇಲೆ ಗಾಯಕ್ಕೆ ಸೇರಿಕೊಳ್ಳುತ್ತದೆ. ಹಾಗಾಗಿ ಆಂಟಿಬಯೋಟಿಕ್ ನೀರಿಗೆ ಸುರಿದರೆ ಮೂಲ ರೋಗ ಹೋಗುವುದಿಲ್ಲ, ದುಡ್ಡು ಮಾತ್ರ ಹೋಗುತ್ತದೆ. ದಯವಿಟ್ಟು ಹಾಕಬೇಡಿ.

ನಮ್ಮ ಕಡೆ ಮಣ್ಣು ಹುಳಿ, ನೀರಿನಲ್ಲಿ ಸುಣ್ಣದ ಅಂಶ ಕಮ್ಮಿ. ಇಂಥ ನೀರಲ್ಲೇ ಈ ರೋಗ ಜಾಸ್ತಿ. ಮೊದಲು ಪಿಎಚ್, ಅಂದರೆ ನೀರು ಎಷ್ಟು ಹುಳಿ ಅನ್ನುವ ಅಳತೆ, ನೋಡಿ; ಹುಳಿ ಜಾಸ್ತಿಯಾದಷ್ಟೂ ಪಿಎಚ್ ಕಮ್ಮಿ. ಕಮ್ಮಿ ಇದ್ದರೆ ಕೃಷಿ ಸುಣ್ಣ (ಸುಡದ ಸುಣ್ಣಕಲ್ಲಿನ ಪುಡಿ) ನೀರಲ್ಲಿ ಕಲಸಿ ಹಾಕಿ, ಎಕರೆಗೆ ಸುಮಾರು 80 ಕೆಜಿ ಲೆಕ್ಕ, ನಿಮಗೆ 40 ಕೆಜಿ. ಒಂದೇ ಸಲ ಬೇಡ, ಕಂತು ಕಂತಾಗಿ ಹಾಕಿ. ಮೀನಿರುವ ಹೊಂಡಕ್ಕೆ ಸುಟ್ಟ ಸುಣ್ಣ ಸುರಿಯಬೇಡಿ, ಪಿಎಚ್ ದಿಢೀರ್ ಏರಿದರೆ ಚೆನ್ನಾಗಿರುವ ಮೀನೂ ಸಾಯುತ್ತದೆ. ಭುವನೇಶ್ವರದ ಸಿಹಿನೀರು ಮೀನು ಸಂಶೋಧನಾ ಸಂಸ್ಥೆ ಸೀಫಾ ಈ ರೋಗಕ್ಕೇ ಅಂತ ಸಿಫಾಕ್ಸ್ ಅನ್ನೋ ದ್ರವ ಔಷಧಿ ತಯಾರಿಸಿದೆ. ಒಂದು ಮೀಟರ್ ಆಳದ ಒಂದು ಹೆಕ್ಟೇರ್ ನೀರಿಗೆ 1 ಲೀಟರ್.

ಕಾಲೇಜ್ ಮೀನು:
ಲಸಿಕೆ ವಿಷಯ ನಾನು ಹೇಳುತ್ತೇನೆ. ಈಗ ಹಾಕಿಸಿ ಪ್ರಯೋಜನ ಇಲ್ಲ. ಈ ಹುಣ್ಣುರೋಗಕ್ಕೆ ಮಾರುಕಟ್ಟೆಯಲ್ಲಿ ಲಸಿಕೆಯೂ ಇಲ್ಲ. ಲಸಿಕೆ ಇರುವ ರೋಗ ಆದರೂ ಮುಂಚೆಯೇ ಕೊಡಬೇಕು, ಯಾಕೆಂದರೆ ಮೀನಿನ ಮೈಯ ಬಿಸಿ ಅದಿರುವ ನೀರಿನಷ್ಟೇ ಇರುತ್ತದೆ, ನೀರು ತಣ್ಣಗಾದರೆ ಅದರ ರೋಗ ತಡೆಯುವ ಶಕ್ತಿಯೂ ನಿಧಾನ ಆಗುತ್ತದೆ. 25 ಡಿಗ್ರಿ ನೀರಲ್ಲಿ ಕೆಲವೇ ವಾರಕ್ಕೆ ಪ್ರತಿಕಾಯ (ರೋಗಾಣುವಿನ ವಿರುದ್ಧ ಮೈ ತಯಾರಿಸುವ ರಕ್ಷಕ ಅಂಶ) ಬರುತ್ತದೆ, ಡಿಸೆಂಬರ್ ಚಳಿಯಲ್ಲಿ ಬಹಳ ತಡ. ರೋಗಾಣುವಿಗೆ ಮಾತ್ರ ಅದೇ ತಂಪು ಹಿತ, ಮೀನು ಸೋಲುವುದು ಅಲ್ಲೇ.

ಕೊಡುವುದೂ ಸುಲಭ ಇಲ್ಲ. ಒಂದೊಂದೇ ಹಿಡಿದು ಚುಚ್ಚಬೇಕು, ಇಲ್ಲ ಮರಿಗಳನ್ನು ಲಸಿಕೆ ನೀರಲ್ಲಿ ಅದ್ದಬೇಕು. ಮೇವಿನಲ್ಲಿ ಕೊಟ್ಟರೆ ಕರುಳಲ್ಲೇ ಜೀರ್ಣವಾಗಿ ಹೋಗುವ ಭಯ. ಆದರೂ ಲಸಿಕೆ ಮೇಲೆ ನನಗೆ ತುಂಬಾ ನಂಬಿಕೆ ಇದೆ. ನಾರ್ವೆಯ ಸಾಲ್ಮನ್ ಸಾಕಣೆಯಲ್ಲಿ 1987ರಲ್ಲಿ ಸುಮಾರು 50 ಟನ್ ಆಂಟಿಬಯೋಟಿಕ್ ಬಳಸುತ್ತಿದ್ದರು. ಚುಚ್ಚುಮದ್ದು ಬಂದ ಮೇಲೆ ಹತ್ತು ವರ್ಷದಲ್ಲಿ ಅದು ಒಂದು ಟನ್ ಆಸುಪಾಸಿಗೆ ಇಳಿಯಿತು, ಅದೂ ಮೀನು ಸಾಕಣೆ ಹಲವು ಪಟ್ಟು ಬೆಳೆದಾಗ. ಕಾಟ್ಲಾ, ರೋಹು, ಮೃಗಾಲ್ ಥರದ ನಮ್ಮ ಗೆಂಡೆ ಮೀನಿಗೂ ಅಂಥದ್ದು ಬೇಕು.

ಆಲೂರು ರೈತ:
ತುಂಬಾ ಥ್ಯಾಂಕ್ಸ್. ಪುಡಿ ತರುವುದಿಲ್ಲ. ಪಕ್ಕದ ತೋಟದವರು ನಮ್ಮ ಬಲೆ ಕೇಳುತ್ತಿದ್ದಾರೆ, ಕೊಡಬಹುದಾ?

ಮಲೆನಾಡ ಮತ್ಸ್ಯ:
ಈಗ ಬೇಡ. ಬಲೆ, ಬಕೆಟ್ ಜೊತೆಗೇ ರೋಗ ಹೋಗುತ್ತದೆ. ಬ್ಲೀಚಿಂಗ್ ಪೌಡರ್ ನೀರಲ್ಲಿ ನೆನೆಸಿ, ತೊಳೆದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದ ಮೇಲೆ ಕೊಡಿ. ಸತ್ತ ಮೀನು ಹಳ್ಳಕ್ಕೆ ಎಸೆಯದೆ ಸುಣ್ಣ ಹಾಕಿ ಹೂಳಿ. ಹುಣ್ಣು ಈಗಷ್ಟೇ ಶುರುವಾದ ಒಂದೆರಡು ಮೀನನ್ನು ಜೀವಂತ ಇರುವಾಗಲೇ ತಾಲ್ಲೂಕಿನ ಮೀನುಗಾರಿಕೆ ಇಲಾಖೆಗೆ ತೋರಿಸಿ, ಪರೀಕ್ಷೆ ಎಲ್ಲಿ ಮಾಡಿಸಬೇಕು ಅಂತ ಅವರೇ ಹೇಳುತ್ತಾರೆ.