ಸಹಾಯ ಬೇಕು: ಎಲ್1 (ಸೊಂಟದ ಮೊದಲ ಕಶೇರು, ಅಂದರೆ ಬೆನ್ನೆಲುಬಿನ ಮಣಿ) ಮುರಿತಕ್ಕೆ ಸಿಮೆಂಟು ತುಂಬಲು ವರ್ಟಿಬ್ರೊಪ್ಲಾಸ್ಟಿಯೋ, ಕೈಫೊಪ್ಲಾಸ್ಟಿಯೋ?

74ರ ಮಹಿಳೆ, ಆಸ್ಟಿಯೊಪೊರೋಸಿಸ್ (ಮೂಳೆ ಸವೆತ). ಎಲ್1 ಕುಸಿದು ಐದು ವಾರ; ಎಂಆರ್‌ಐ ಸ್ಟಿರ್‌ನಲ್ಲಿ (ಮೂಳೆಯೊಳಗಿನ ಊತ ತೋರಿಸುವ ಚಿತ್ರ) ಊತ ಇನ್ನೂ ಇದೆ. ಕಾಲಿನ ಶಕ್ತಿ, ಮೂತ್ರದ ಹಿಡಿತ ಸರಿಯಿದೆ. ಬೆಲ್ಟು, ಮಾತ್ರೆಗೆ ನೋವು ಬಗ್ಗುತ್ತಿಲ್ಲ. ಸಿಟಿಯಲ್ಲಿ ಕಶೇರುವಿನ ಹಿಂಗೋಡೆಗೆ ಸಣ್ಣ ಬಿರುಕು, ನನ್ನ ಚಿಂತೆ ಇದೇ.

ವರ್ಟಿಬ್ರೊಪ್ಲಾಸ್ಟಿಯಲ್ಲಿ ಸಿಮೆಂಟನ್ನು ಒತ್ತಡದಿಂದ ನೇರ ಮೂಳೆಗೆ ತುಂಬುವುದರಿಂದ ಬೆನ್ನುಹುರಿಯ ನಾಳಕ್ಕೋ ರಕ್ತನಾಳಕ್ಕೋ ಸೋರುವ ಭಯ. ಕೈಫೊಪ್ಲಾಸ್ಟಿಯ ಬಲೂನು ಮೊದಲು ಪೊಳ್ಳು ಮಾಡುತ್ತದೆ, ಆಮೇಲೆ ಗಟ್ಟಿ ಸಿಮೆಂಟು ಕಡಿಮೆ ಒತ್ತಡದಲ್ಲೇ ಹೋಗುತ್ತದೆ. ಆದರೆ ದುಬಾರಿ, ನೋವಿನ ಲೆಕ್ಕದಲ್ಲಿ ಎರಡಕ್ಕೂ ದೊಡ್ಡ ಅಂತರವಿಲ್ಲ.

2009ರ ಎರಡು ಪ್ರಯೋಗಗಳಲ್ಲಿ ವರ್ಟಿಬ್ರೊಪ್ಲಾಸ್ಟಿ ಸೋಗಿನ ಚಿಕಿತ್ಸೆಯನ್ನು (ಸಿಮೆಂಟು ಹಾಕದ ನಟನೆಯ ಚಿಕಿತ್ಸೆ) ಮೀರಲಿಲ್ಲ. 2016ರ ವೇಪರ್ ಎಂಬ ವರ್ಟಿಬ್ರೊಪ್ಲಾಸ್ಟಿ ಪ್ರಯೋಗ ಆರು ವಾರದೊಳಗಿನ ಮುರಿತಕ್ಕೆ ಲಾಭ ತೋರಿಸಿತು. ಹಾಗಾಗಿ ಸಮಯ ಕಡಿಮೆ.

ಇಂಥ ಬಿರುಕಿದ್ದಾಗ ಎಷ್ಟು ಮಿ.ಲೀ. ಸಿಮೆಂಟಿಗೆ ನಿಲ್ಲಿಸುತ್ತೀರಿ? ಸೂಜಿ ಹಾಕಲು ಒಂದೇ ಪೆಡಿಕಲ್ (ಕಶೇರುವಿನ ಹಿಂಬದಿಯ ಎರಡು ಮೂಳೆ ಕಂಬಗಳಲ್ಲಿ ಒಂದು) ಸಾಕೇ? ಟೆರಿಪ್ಯಾರಟೈಡ್ (ಮೂಳೆ ಬೆಳೆಸುವ ಚುಚ್ಚುಮದ್ದು) ಯಾವಾಗ ಶುರು?