98ರ ಬ್ಯಾಚ್ ಗುಂಪಿನಲ್ಲಿ ಪ್ರಿಚೆಕ್ ಜಗಳ

ಸತೀಶ (ನ್ಯೂಜೆರ್ಸಿ): ನಾಗ, ಅಮೆರಿಕಕ್ಕೆ ಬರುವ ಮುಂಚೆ ಇಲ್ಲಿನ ಏರ್‌ಪೋರ್ಟ್ ಸೆಕ್ಯುರಿಟಿ ಸಾಲಿನ ಬಗ್ಗೆ ಕೇಳಿದ್ದೆಯಲ್ಲ, ಮೇಲಿನ ಲಿಂಕ್ ಓದು. ಟಿಎಸ್‌ಎ ಅಂದರೆ ಇಲ್ಲಿ ಪ್ರಯಾಣಿಕರ ತಪಾಸಣೆ ಮಾಡುವ ಸರ್ಕಾರಿ ಸಂಸ್ಥೆ; ಹಿನ್ನೆಲೆ ಮೊದಲೇ ನೋಡಿದವರನ್ನು ಬೇಗ ಬಿಡುವ ಅವರ ಯೋಜನೆ ಪ್ರಿಚೆಕ್. ಅದಕ್ಕೆ ಹೆಚ್ಚು ಜನರನ್ನು ಸೇರಿಸಲು 2018ರಲ್ಲಿ ಮಾಡಿದ ಕಾನೂನಿನ ಬಗ್ಗೆ ಇದೆ. ಒಳ್ಳೆ ಕೆಲಸ ಅಂತ ನನ್ನ ಅಭಿಪ್ರಾಯ.

ನಾಗೇಶ (ದಾವಣಗೆರೆ): ಓದಿದೆ. ದುಡ್ಡು ಕೊಟ್ಟವನಿಗೆ ಬೇರೆ ಸಾಲು. ತಿರುಪತಿಯ 300 ರೂಪಾಯಿ ದರ್ಶನದ ಹಾಗೆ. ಇದಕ್ಕೆ ಕಾನೂನು ಬೇರೆ ಬೇಕಿತ್ತಾ?

ಸತೀಶ: ತಿರುಪತಿಯಲ್ಲಿ ನಿನ್ನ ಹತ್ತು ಬೆರಳಿನ ಅಚ್ಚು ತಗೊಂಡು, ಹಳೇ ಕೇಸೇನಾದರೂ ಇದೆಯಾ ಎಂದು ಜಾಲಾಡಿ ಆಮೇಲೆ ಟಿಕೆಟ್ ಕೊಡುತ್ತಾರಾ? ಇಲ್ಲಿ ಅದೆಲ್ಲ ಆದಮೇಲೇ ಸದಸ್ಯತ್ವದ ನಂಬರ್ ಸಿಗುವುದು. ಸುಮಾರು 80 ಡಾಲರ್, 5 ವರ್ಷಕ್ಕೆ. ಲ್ಯಾಪ್‌ಟಾಪ್ ಹೊರಗೆ ತೆಗೆಯಬೇಕಿಲ್ಲ, ಬೆಲ್ಟ್ ಬಿಚ್ಚಬೇಕಿಲ್ಲ.

ನಾಗೇಶ: ಶೂ?

ಸತೀಶ: 2025ರ ಜುಲೈನಿಂದ ಯಾರೂ ಬಿಚ್ಚಬೇಕಿಲ್ಲ. ಪ್ರಿಚೆಕ್ ಇಲ್ಲದವರೂ.

ನಾಗೇಶ: ನೋಡಿದೆಯಾ! ಇಷ್ಟು ವರ್ಷ ಶೂ ಬಿಚ್ಚಿಸಿ, ಬಿಚ್ಚದೇ ಇರುವುದಕ್ಕೆ ದುಡ್ಡು ಇಸ್ಕೊಂಡರು. ಈಗ ಎಲ್ಲರಿಗೂ ಬೇಡವಂತೆ. ಹಾಗಾದರೆ ಮೊದಲೇ ಬೇಕಿರಲಿಲ್ಲ ಅಲ್ವಾ? ತೊಂದರೆ ಕೊಡುವವರೂ ಅವರೇ, ಅದರಿಂದ ಬಿಡಿಸಿ ದುಡ್ಡು ತಗೊಳ್ಳುವವರೂ ಅವರೇ.

ಗುರುರಾಜ (ಬೆಂಗಳೂರು): 😂 ಬೆಳಗ್ಗೆ ಬೆಳಗ್ಗೆ ಶುರುವಾಯಿತು ಮಾರಾಯ

ವನಿತಾ (ಸನ್ನಿವೇಲ್): ನಾಗ ಹೇಳುವುದರಲ್ಲಿ ಅರ್ಧ ನಿಜ. ಇಲ್ಲಿ ಪ್ರತಿ ಟಿಕೆಟ್‌ನಲ್ಲೂ ಒಂದು ಕಡೆಯ ಪ್ರಯಾಣಕ್ಕೆ 5.60 ಡಾಲರ್ ಸೆಕ್ಯುರಿಟಿ ಶುಲ್ಕ ಇರುತ್ತದೆ. 2013ರ ಬಜೆಟ್ ಕಾನೂನಿನಲ್ಲಿ ಅದನ್ನು ಏರಿಸಿದರು. ಏರಿಸಿ, ಒಂದು ಪಾಲನ್ನು ಬೊಕ್ಕಸದ ಕೊರತೆ ತುಂಬಲು ತಿರುಗಿಸಿಕೊಂಡರು. ಸೆಕ್ಯುರಿಟಿ ಹೆಸರಲ್ಲಿ ಕೊಟ್ಟ ದುಡ್ಡು ಪೂರ್ತಿ ಸೆಕ್ಯುರಿಟಿಗೆ ಹೋಗಲ್ಲ. ಮಷಿನ್ ಸಾಲದು, ಜನ ಸಾಲದು ಅಂತ ಸಾಲು ಉದ್ದ. ಆ ಸಾಲು ತಪ್ಪಿಸಲು ಇನ್ನೊಂದು 80.

ನಾಗೇಶ: ಇದನ್ನು ಸತೀಶನ ಲೇಖನ ಹೇಳೇ ಇಲ್ಲ.

ಸತೀಶ: ಲೇಖನ ಕಾನೂನಿನ ಬಗ್ಗೆ ಕಣೋ, ಬಜೆಟ್ ಬಗ್ಗೆ ಅಲ್ಲ. ಮೊದಲು ನೋಂದಣಿ ಮಾಡುತ್ತಿದ್ದದ್ದು ಒಂದೇ ಕಂಪನಿ, ಐಡೆಮಿಯಾ. ಕನಿಷ್ಠ ಎರಡು ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಳ್ಳಿ ಎಂದಿತು ಕಾನೂನು. 2021ರ ಅಕ್ಟೋಬರ್‌ಗೆ ಒಂದೂವರೆ ಕೋಟಿ ಜನ ಸೇರಿರಬೇಕು ಎಂದೂ ಬರೆದರು. ಪೈಪೋಟಿ ಬಂತು. ಮೊದಲು 85 ಡಾಲರ್ ಇತ್ತು, ಈಗ ಕಂಪನಿ ನೋಡಿಕೊಂಡರೆ ಅದಕ್ಕಿಂತ ಕಡಿಮೆಗೂ ಸಿಗುತ್ತದೆ.

ಇಮ್ರಾನ್ (ಷಿಕಾಗೋ): ಬಂತು, ಆದರೆ ಯಾವಾಗ? ಕಾನೂನಿಗೆ ಸಹಿ ಬಿದ್ದದ್ದು 2018ರ ಅಕ್ಟೋಬರ್. ಕ್ಲಿಯರ್, ಟೆಲೋಸ್ ಎಂಬ ಎರಡು ಹೊಸ ಕಂಪನಿಗಳನ್ನು ಆರಿಸಿದ್ದು 2020ರಲ್ಲಿ. ಅವರು ಜನರನ್ನು ಸೇರಿಸಿಕೊಳ್ಳಲು ಶುರು ಮಾಡಿದ್ದು 2023ರಲ್ಲಿ. ಸದಸ್ಯರು 2 ಕೋಟಿ ದಾಟಿದ್ದು 2024ರಲ್ಲಿ.

ಗುರುರಾಜ: ನಮ್ಮ ಮೆಟ್ರೋ ಪರವಾಗಿಲ್ಲ ಹಾಗಾದರೆ

ಇಮ್ರಾನ್: ನಾಗ, ದುಡ್ಡಿನ ವಿಷಯ ಇರಲಿ. ಆ ಕಾನೂನಿನಲ್ಲಿ ನನಗೆ ಮುಖ್ಯ ಅನಿಸಿದ್ದು ಬೇರೆ. 2018ಕ್ಕೆ ಮುಂಚೆ ಏನಾಗುತ್ತಿತ್ತು ಗೊತ್ತಾ? ಪ್ರಿಚೆಕ್ ಸಾಲು ಖಾಲಿ ಹೊಡೆಯುತ್ತಿತ್ತು. ಅದಕ್ಕೆ ಅರ್ಜಿಯನ್ನೇ ಹಾಕದವರನ್ನೂ ಆ ಸಾಲಿಗೆ ಬಿಡುತ್ತಿದ್ದರು. ಕೆಲವರನ್ನು ಅಲ್ಲೇ ನಿಂತು ಆರಿಸುತ್ತಿದ್ದರು. ಇನ್ನು ಕೆಲವರಿಗೆ ಕಂಪ್ಯೂಟರ್ ತಾನೇ ಲೆಕ್ಕ ಹಾಕಿ ಬೋರ್ಡಿಂಗ್ ಪಾಸ್ ಮೇಲೆ ಪ್ರಿಚೆಕ್ ಅಂತ ಮುದ್ರಿಸಿಬಿಡುತ್ತಿತ್ತು. ಹಾಗೆ ಒಬ್ಬ ಬಂದ. ಹಿಂದೆ ಅಮೆರಿಕದೊಳಗಿನದೇ ಒಂದು ಭಯೋತ್ಪಾದಕ ಗುಂಪಿನಲ್ಲಿದ್ದವನು, ಜೈಲಲ್ಲಿ ವರ್ಷಗಟ್ಟಲೆ ಕಳೆದವನು. ಅವನು ಅರ್ಜಿ ಹಾಕಿರಲಿಲ್ಲ, ಆದರೂ ಪಾಸ್ ಮೇಲೆ ಪ್ರಿಚೆಕ್ ಬಂದಿತ್ತು. ತಪಾಸಣೆಗೆ ನಿಂತಿದ್ದ ಸಿಬ್ಬಂದಿಗೆ ಅವನ ಮುಖ ಸುದ್ದಿಯಲ್ಲಿ ನೋಡಿ ಪರಿಚಯ. ಮೇಲಿನವರಿಗೆ ಹೇಳಿದರೆ, ಪಾಸ್‌ನಲ್ಲಿ ಇದೆಯಲ್ಲ, ಬಿಡು ಅಂದರು. 2015ರಲ್ಲಿ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ವರದಿಯಲ್ಲೇ ಇದೆ ಇದು.

ನಾಗೇಶ: ಅಬ್ಬಾ

ಇಮ್ರಾನ್: ಆ ಸಾಲಿಗೆ ಸದಸ್ಯರನ್ನಷ್ಟೇ ಬಿಡಿ ಎಂದು ಬರೆದದ್ದು ಇದೇ 2018ರ ಕಾನೂನು. ಸಾಲು ತುಂಬಬೇಕಾದರೆ ಅರ್ಜಿ ಹಾಕಿಸಿ, ತಪಾಸಣೆ ಮಾಡಿ, ಆಮೇಲೆ ತುಂಬಿ ಅಂತ. ಸುಮ್ನೆ ಸಿಕ್ಕವರನ್ನು ತಳ್ಳಬೇಡಿ. ನೋಂದಣಿ ಹೆಚ್ಚಿಸುವುದಕ್ಕೆ ನಾನು ಒಪ್ಪುವುದು ಇಷ್ಟಕ್ಕೇ. ಸತೀಶನ ಬೆಲ್ಟ್ ಉಳಿಯಲಿ ಅಂತಲ್ಲ.

ಸತೀಶ: ಅದನ್ನೇ ನಾನೂ ಹೇಳುತ್ತಿರುವುದು!

ಇಮ್ರಾನ್: ಇಲ್ಲ, ನೀನು ಲ್ಯಾಪ್‌ಟಾಪ್ ಬಗ್ಗೆ ಹೇಳಿದೆ.

ವನಿತಾ: ಕ್ಲಿಯರ್ ಹೆಸರು ಬಂತಲ್ಲ, ಅವರದೇ ಇನ್ನೊಂದು ವ್ಯಾಪಾರ ಇದೆ. ವರ್ಷದ ಚಂದಾ ಕಟ್ಟಿದರೆ ಐಡಿ ತೋರಿಸುವ ಸಾಲಿನಲ್ಲಿ ಎಲ್ಲರನ್ನೂ ದಾಟಿಸಿ ಮುಂದೆ ನಿಲ್ಲಿಸುತ್ತಾರೆ. ಅದು ಪ್ರಿಚೆಕ್ ಅಲ್ಲ. 2024ರಲ್ಲಿ ನಮ್ಮ ಕ್ಯಾಲಿಫೋರ್ನಿಯಾ ರಾಜ್ಯದ ಆಗಿನ ಸೆನೆಟರ್ ಜಾಶ್ ನ್ಯೂಮನ್ ಒಂದು ಮಸೂದೆ ತಂದರು. ನಿಮ್ಮ ಗಿರಾಕಿಗಳಿಗೆ ಬೇರೆ ಸಾಲು ಮಾಡಿಕೊಳ್ಳಿ, ಎಲ್ಲರ ಸಾಲಿನ ಮುಂದೆ ತುರುಕಬೇಡಿ ಅಂತ. ವಿಮಾನಯಾನ ಕಂಪನಿಗಳು ವಿರೋಧಿಸಿದವು. ಪಾಸಾಗಲಿಲ್ಲ.

ನಾಗೇಶ: ಆ ಸೆನೆಟರ್‌ಗೆ ನನ್ನ ಓಟು.

ಸತೀಶ: ನಿನಗೆ ಓಟೇ ಇಲ್ಲ ಇಲ್ಲಿ.

ಗುರುರಾಜ: ನಾನೊಂದು ಹೇಳಲಾ? ನಮ್ಮಲ್ಲೂ ಇಂಥದ್ದಿದೆ, ಪುಕ್ಕಟೆ. ಎಫ್‌ಟಿಐ-ಟಿಟಿಪಿ ಅಂತ, ನೋಂದಾಯಿಸಿದವರನ್ನು ಬೇಗ ದಾಟಿಸುವ ಸರ್ಕಾರದ ಯೋಜನೆ. 2024ರ ಜೂನ್‌ನಲ್ಲಿ ದೆಹಲಿಯಲ್ಲಿ, 2025ರ ಜನವರಿಯಲ್ಲಿ ಕೆಂಪೇಗೌಡ ಏರ್‌ಪೋರ್ಟ್‌ನಲ್ಲಿ ಬಂತು. ಭಾರತದ ಪಾಸ್‌ಪೋರ್ಟ್ ಇದ್ದವರಿಗೂ, ಓಸಿಐ (ವಿದೇಶಿ ಪೌರರಾದ ಭಾರತ ಮೂಲದವರ ಕಾರ್ಡ್) ಇದ್ದವರಿಗೂ. ಆನ್‌ಲೈನ್ ಅರ್ಜಿ, ಒಮ್ಮೆ ಬೆರಳಚ್ಚು, ಮುಖದ ಫೋಟೋ, ಅಷ್ಟೇ. ಇ-ಗೇಟ್‌ನಲ್ಲಿ ಹೋಗುವುದು. ಸತೀಶ, ಓಸಿಐ ಇದೆಯಲ್ಲ ನಿನಗೆ, ಮುಂದಿನ ಸಲ ಬರುವಾಗ ಮಾಡಿಸಿಕೋ.

ನಾಗೇಶ: ನೋಡಿ! ದುಡ್ಡಿಲ್ಲದೇ ಆಗುತ್ತದೆ.

ಸತೀಶ: ಅದು ಇಮಿಗ್ರೇಷನ್‌ಗೆ. ಸೆಕ್ಯುರಿಟಿ ಸಾಲಲ್ಲ. ಬ್ಯಾಗ್ ತೆರೆಸುವ ಸಾಲಿನಲ್ಲಿ ಅಲ್ಲೂ ಎಲ್ಲರ ಹಾಗೆ ನಿಲ್ಲಬೇಕು.

ಗುರುರಾಜ: ಅದು ಹೌದು.

ಸತೀಶ: ಮತ್ತೆ ಪುಕ್ಕಟೆ ಅನ್ನುವುದು ಇಲ್ಲವೇ ಇಲ್ಲ ನಾಗ. ತಪಾಸಣೆಗೆ ಖರ್ಚಿದೆ. ಅಲ್ಲಿ ತೆರಿಗೆ ಕಟ್ಟುವವರೆಲ್ಲ ಕೊಡುತ್ತಾರೆ, ಜೀವನದಲ್ಲಿ ವಿಮಾನ ಹತ್ತದವನೂ ಸೇರಿ. ಇಲ್ಲಿ ಬಳಸುವವನು ಕೊಡುತ್ತಾನೆ. ಯಾವುದು ನ್ಯಾಯ?

ನಾಗೇಶ: ಇಮ್ರಾನ್ ಹೇಳಿದ್ದು ನಿಜವಾದರೆ, ಅಂದರೆ ಹಿನ್ನೆಲೆ ತಪಾಸಣೆ ಆದವರನ್ನು ಬೇರೆ ಮಾಡುವುದರಿಂದ ವಿಮಾನದಲ್ಲಿರುವ ಎಲ್ಲರಿಗೂ ಸುರಕ್ಷತೆ ಜಾಸ್ತಿಯಾಗುವುದಾದರೆ, ಎಲ್ಲರೂ ಸೇರಿಯೇ ಕೊಡಬೇಕು. ಬರೀ ನಿನ್ನ ಅನುಕೂಲಕ್ಕಾದರೆ ನೀನೇ ಕೊಟ್ಟುಕೋ, ಆದರೆ ದೇಶದ ಸುರಕ್ಷತೆ ಅಂತ ಹೇಳಬೇಡ. ಎರಡರಲ್ಲಿ ಒಂದು ಆರಿಸು.

ಸತೀಶ: ಎರಡೂ ಹೌದು ಎಂದರೆ?

ನಾಗೇಶ: ಆಗ ಅರ್ಧ ಅರ್ಧ. 40 ಡಾಲರ್ ನೀನು, 40 ನಿಮ್ಮ ಸರ್ಕಾರ.

ಇಮ್ರಾನ್: ಸೇನೆಯಲ್ಲಿರುವವರಿಗೆ ಈಗಲೂ ಉಚಿತ. ಸರ್ಕಾರ ಮನಸ್ಸು ಮಾಡಿದರೆ ಕೊಡಬಹುದು ಎಂದಾಯಿತು.

ಸತೀಶ: ನೀನು ಯಾರ ಕಡೆ?

ವನಿತಾ: ನಾನಿನ್ನೂ ಎಚ್-1ಬಿ ಕೆಲಸದ ವೀಸಾದಲ್ಲಿದ್ದೇನೆ ಕಣ್ರೋ. 80 ಕೊಡುತ್ತೇನೆ ಎಂದರೂ ಪ್ರಿಚೆಕ್ ನನಗೆ ನೇರವಾಗಿ ಕೊಡಲ್ಲ. ನಾಗರಿಕರು, ಗ್ರೀನ್ ಕಾರ್ಡ್‌ನವರಿಗೆ ಮಾತ್ರ. ಭಾರತೀಯರಿಗೆ 2017ರಲ್ಲಿ ಗ್ಲೋಬಲ್ ಎಂಟ್ರಿ (ಅಮೆರಿಕದಲ್ಲಿ ಇಳಿದಾಗ ಇಮಿಗ್ರೇಷನ್ ಬೇಗ ಮುಗಿಸುವ ಯೋಜನೆ) ತೆರೆದರು, ಅದರೊಳಗೆ ಪ್ರಿಚೆಕ್ ಸೇರಿದೆ. 100 ಇದ್ದದ್ದು 2024ರ ಅಕ್ಟೋಬರ್‌ನಿಂದ 120 ಡಾಲರ್. ಜೊತೆಗೆ ಇಂಟರ್‌ವ್ಯೂ. ನಾಗ, ಒಂದು ಸಲ ಬಂದುಹೋಗುವುದಕ್ಕೆ ಅದು ದಂಡ. ಮಾಡಿಸಬೇಡ.

ನಾಗೇಶ: ಮಗಳಿಗೆ ಪ್ರಿಚೆಕ್ ಇದ್ದರೆ ಅವಳ ಜೊತೆ ನಾವಿಬ್ಬರೂ ಹೋಗಬಹುದಾ?

ವನಿತಾ: ಆಗಲ್ಲ. 12 ವರ್ಷದವರೆಗಿನ ಮಕ್ಕಳನ್ನು, ಕೆಲವು ಷರತ್ತಿನ ಮೇಲೆ 17ರವರೆಗಿನವರನ್ನು ಮಾತ್ರ ಅಪ್ಪ-ಅಮ್ಮ ಜೊತೆಗೆ ಕರೆದುಕೊಂಡು ಹೋಗಬಹುದು. ಅಪ್ಪ-ಅಮ್ಮನನ್ನು ಮಕ್ಕಳು ಕರೆದುಕೊಂಡು ಹೋಗಲು ಇಲ್ಲ.

ಇಮ್ರಾನ್: ಬರುವಾಗ ಇನ್ನೊಂದು ನೋಡಿಕೋ. ನೀನು ಷಿಕಾಗೋದಲ್ಲಿ ಇಳಿದು ಬೇರೆ ವಿಮಾನ ಹತ್ತುವುದಲ್ಲವಾ? ಇಲ್ಲಿ ಇಮಿಗ್ರೇಷನ್ ಮುಗಿಸಿ, ಲಗೇಜ್ ನೀನೇ ತಗೊಂಡು, ಕಸ್ಟಮ್ಸ್ ದಾಟಿ, ಮತ್ತೆ ಲಗೇಜ್ ಕೊಟ್ಟು, ಮತ್ತೆ ಸೆಕ್ಯುರಿಟಿ. ನಡುವೆ ಎಷ್ಟು ಹೊತ್ತಿದೆ?

ನಾಗೇಶ: ಒಂದು ಗಂಟೆ ನಲವತ್ತು ನಿಮಿಷ

ಸತೀಶ: ಟಿಕೆಟ್ ಬದಲಿಸು. ಇವತ್ತೇ.