ಎರಿ ಹೊಲಕ್ಕೆ ಸೆಕೆಂಡ್ ಹ್ಯಾಂಡ್ ಫೋರ್ ಬೈ ಫೋರ್: ತಗೊಂಡವರು ಅನುಭವ ಹೇಳಿ

ಅಣ್ಣಿಗೇರಿ ರೈತ: ಊರಿಂದ ಹೊಲ ನಾಲ್ಕು ಕಿಲೋಮೀಟರ್, ಪೂರಾ ಎರಿ (ಕಪ್ಪು ಮಣ್ಣಿನ) ದಾರಿ. ಮಳೆ ಬಿದ್ದರೆ ಬೈಕ್ ಹೋಗಲ್ಲ. ಅಪ್ಪನಿಗೆ ಮೊಣಕಾಲು ನೋವು, ಆದರೂ ಹೊಲ ನೋಡದೆ ಇರಲ್ಲ. ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಹೋಗುವ ಫೋರ್ ಬೈ ಫೋರ್ ಗಾಡಿ ಬೇಕು, ಬಜೆಟ್ ಐದು ಲಕ್ಷ. ಹಳೆ ಥಾರ್, ಜಿಪ್ಸಿ, ಬೊಲೆರೊ ಕ್ಯಾಂಪರ್ ಮೂರೂ ತಲೆಯಲ್ಲಿವೆ. ಯಾವುದು ತಗೊಳ್ಳಲಿ?

ಗದಗ ಕೆಎ-26: ಅಣ್ಣಾರೆ, ನನ್ನದು ಯಾವ ಕಂಪನಿ ಗಾಡಿ ಅಂತ ಹೇಳಲ್ಲ. ತಪ್ಪು ಕಂಪನಿದಲ್ಲ, ನನ್ನದು. 2019ರಲ್ಲಿ ಒಬ್ಬ ಏಜೆಂಟ್ ಹತ್ತಿರ 3,90,000ಕ್ಕೆ ಡೀಸೆಲ್ ಜೀಪು ತಗೊಂಡೆ. ಹೊಸದಾಗಿ ಕೆಂಪು ಬಣ್ಣ ಹೊಡೆಸಿದ್ದ, ಅದಕ್ಕೇ ಮರುಳಾದೆ. ಮೊದಲ ತಿಂಗಳು ಪ್ರೊಪೆಲ್ಲರ್ ಶಾಫ್ಟಿನ (ಆಕ್ಸಲಿಗೆ ಶಕ್ತಿ ಒಯ್ಯುವ ದಂಡದ) ಕೀಲಿನ ಕ್ರಾಸ್ ಎರಡು, ಕೂಲಿ ಸೇರಿ 2,600. ಎರಡನೇ ತಿಂಗಳು ಮುಂದಿನ ಆಕ್ಸಲ್ ಹೌಸಿಂಗಿನ ಆಯಿಲ್ ಇಳಿಸಿದರೆ ಹಾಲು ಜಾಸ್ತಿಯಾದ ಚಹಾ ಬಣ್ಣ. ನೀರು ಹೊಕ್ಕಿತ್ತು. ಕ್ರೌನ್ ಪಿನಿಯನ್, ಬೇರಿಂಗ್, ಸೀಲ್: 21,400. ಆಮೇಲೆ ಟ್ರಾನ್ಸ್‌ಫರ್ ಕೇಸ್, ಅಂದರೆ ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ. ಲೋ ಗೇರಿಗೆ ಹಾಕಿದರೆ ಲಿವರ್ ಟಕ್ ಅಂತ ಹಾರಿ ಬರುತ್ತಿತ್ತು. ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಲಿವರ್ ಅದುಮಿ ಹಿಡಿದು ಹೊಲ ಮುಟ್ಟಿದ್ದೇನೆ. ಅದಕ್ಕೆ 17,800. ಹೆಂಡತಿ ಎಲ್ಲಾ ಡೈರಿಯಲ್ಲಿ ಬರೆದಿಟ್ಟಿದ್ದಾಳೆ, ಜಗಳ ಬಂದಾಗೆಲ್ಲ ಓದುತ್ತಾಳೆ. ಗಾಡಿ ಕೆಳಗೆ ಮಲಗಿ ನೋಡದೆ ಅಡ್ವಾನ್ಸ್ ಕೊಡಬೇಡಿ.

ಧಾರವಾಡ ಜಿಪ್ಸಿ: ಬಣ್ಣ ನೋಡಿ ತಗೊಂಡರೆ ಇನ್ನೇನಾಗುತ್ತೆ? ನನ್ನದು 2007ರ ಜಿಪ್ಸಿ, 1.3 ಲೀಟರ್ ಪೆಟ್ರೋಲ್. ತೂಕ ಸಾವಿರ ಕಿಲೋ ಆಸುಪಾಸು, ಅಷ್ಟೇ. ಹಸಿ ನೆಲದಲ್ಲಿ ತೂಕವೇ ವೈರಿ ಅಲ್ವಾ? ಭಾರದ ಗಾಡಿಗಳು ಹುಗಿದುಕೊಂಡು ನಿಂತ ಕಡೆ ನಾನು ಎರಡನೇ ಗೇರಿನಲ್ಲಿ ದಾಟಿದ್ದೇನೆ. 2022ಕ್ಕೆ 15 ವರ್ಷ ಮುಗಿಯಿತು, ಆರ್‌ಸಿ ಮತ್ತೆ ಐದು ವರ್ಷಕ್ಕೆ ಮಾಡಿಸಿದೆ. ಮೈಲೇಜ್ ಮಾತ್ರ ಕೇಳಬೇಡಿ.

ರೋಣದವ: ಯಜಮಾನ್ರೆ, ಧಾರವಾಡದ ಕೆಂಪು ಮಣ್ಣಿನಲ್ಲಿ ಮಕ್ಕಳ ಸೈಕಲ್ಲೂ ಹೋಗುತ್ತೆ. ನಮ್ಮ ಎರಿಗೆ ಬನ್ನಿ. ಟೈರಿನ ಹಲ್ಲಿನ ಸಂದಿಯೆಲ್ಲ ತುಂಬಿ ಟೈರು ಕಡಬಿನ ಹಾಗೆ ನುಣ್ಣಗಾಗುತ್ತೆ. ಮಡ್‌ಗಾರ್ಡಿಗೂ ಚಕ್ರಕ್ಕೂ ನಡುವೆ ಮೆತ್ತಿಕೊಂಡರೆ ಕುಡುಗೋಲಿನಿಂದ ಕೆತ್ತಬೇಕು. ಫೋರ್ ಬೈ ಫೋರ್ ಹಾಕಿದರೂ ಮುಂದೊಂದು, ಹಿಂದೊಂದು ಚಕ್ರ ಸುಮ್ನೆ ಗಿರಕಿ ಹೊಡೆಯುತ್ತೆ. ಎಡ, ಬಲ ಚಕ್ರ ಎರಡನ್ನೂ ಒಟ್ಟಿಗೆ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ಬೇಕು. ಥಾರ್‌ನ ಸಿಆರ್‌ಡಿಇ ಮಾದರಿಗೆ ಅದು 2015ರಲ್ಲಿ ಬಂತು, ಹಿಂದಿನ ಆಕ್ಸಲಿಗೆ. ನನ್ನದು 2016ರದು, ಆರೂಮುಕ್ಕಾಲು ಲಕ್ಷ ಕೊಟ್ಟೆ. ಹಳೆ ಥಾರ್‌ನ ಡಿಐ ಮಾದರಿಯಲ್ಲಿ ಟೂ ವೀಲ್ ಡ್ರೈವ್ ಕೂಡ ಇತ್ತು, ಫೋರ್ ಬೈ ಫೋರ್ ಲಿವರ್ ಇದೆಯಾ ನೋಡದೆ ಮೋಸ ಹೋಗಬೇಡಿ.

ಧಾರವಾಡ ಜಿಪ್ಸಿ: ಅವರು ಐದು ಲಕ್ಷ ಅಂದರೆ ನೀವು ಆರೂಮುಕ್ಕಾಲು ಅಂತೀರಿ. ಶ್ರೀಮಂತರು! ನಮ್ಮ ತಾಯಿ ಊರು ನವಲಗುಂದ. ಅಲ್ಲಿನ ಎರಿ ಮುಂದೆ ನಿಮ್ಮ ರೋಣದ್ದು ಗೋಧಿ ಹಿಟ್ಟು.

ಬ್ಯಾಡಗಿ: ಮಣ್ಣಿನ ಜಗಳ ಬಿಡ್ರಿ, ಕಾಗದ ನೋಡ್ರಿ. ನನ್ನ ಜೀಪಿಗೆ ಹಿಂದಿನ ಮಾಲೀಕ ಬೇರೆ ಇಂಜಿನ್ ಕೂರಿಸಿದ್ದ, ಆರ್‌ಸಿಯಲ್ಲಿ ಹಳೆ ನಂಬರೇ ಇತ್ತು. ನವೀಕರಣಕ್ಕೆ ಒಯ್ದಾಗ ಸಿಕ್ಕಿಬಿತ್ತು. ಆ ಇಂಜಿನ್ನಿನ ಬಿಲ್ ಹುಡುಕಿ ಅವನ ಮನೆಗೆ ಹನ್ನೊಂದು ಸಲ ಅಲೆದೆ. ಎಂಟು ತಿಂಗಳು ಗಾಡಿ ಅಂಗಳದಲ್ಲೇ ನಿಂತಿತು, ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಮರಿಗಳೂ ಆದವು.

ಗದಗ ಕೆಎ-26: ಇನ್ನೊಂದು ಮರೆತೆ. ಆ ಏಜೆಂಟ್ ಡಾಂಬರು ರಸ್ತೆಯಲ್ಲೇ ಫೋರ್ ಬೈ ಫೋರ್ ಹಾಕಿ ಗರಕ್ಕನೆ ತಿರುಗಿಸಿ ತೋರಿಸಿದ್ದ. ಗಟ್ಟಿ ನೆಲದಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಒಂದೇ ವೇಗಕ್ಕೆ ಕಟ್ಟುಬಿದ್ದರೆ ತಿರುವಿನಲ್ಲಿ ಪೂರಾ ಒತ್ತಡ ಗೇರುಗಳ ಮೇಲೆ. ನನ್ನ 17,800 ಅವತ್ತೇ ಶುರುವಾಗಿತ್ತು ಅನಿಸುತ್ತೆ.

ಅಣ್ಣಿಗೇರಿ ರೈತ: ಅಪ್ಪನ ಮೊಣಕಾಲಿಗೆ ಹತ್ತಿ ಇಳಿಯಲು ಯಾವುದು ಸಲೀಸು, ಯಾರಾದರೂ ಹೇಳಿ.

ರೋಣದವ: ಗೋಧಿ ಹಿಟ್ಟು ಅಂದವರಿಗೆ: ಮುಂಗಾರಿನ ಮೊದಲ ಮಳೆಗೆ ನಾನೇ ನವಲಗುಂದಕ್ಕೆ ಬರುತ್ತೇನೆ. ಸಿಕ್ಕಿಬಿದ್ದವರು ಎಲ್ಲರಿಗೂ ಗಿರಮಿಟ್ಟು, ಮಿರ್ಚಿ ಕೊಡಿಸಬೇಕು.

ಧಾರವಾಡ ಜಿಪ್ಸಿ: ಬನ್ನಿ. ಹಗ್ಗ ನೀವೇ ತನ್ನಿ.